ಅವ್ವನ ಧಾರೆಸೀರೆ ಮತ್ತು ನನ್ನ ನುಸಿಗುಳಿಗೆ

ನಮ್ಮ ಮನೆಯ ಬೀರುವಿನಲ್ಲಿ ನುಸಿಗುಳಿಗೆ ಇಡುವಂತಿಲ್ಲ. ಮದುವೆಯಾದ ಹೊಸದರಲ್ಲೇ ಹೆಂಡತಿಗೆ ಹೇಳಿಬಿಟ್ಟಿದ್ದೆ. ಆ ವಾಸನೆ ನನಗೆ ಆಗುವುದಿಲ್ಲ, ತಲೆನೋವು ಬರುತ್ತದೆ ಎಂದು ಕಾರಣ ಕೊಟ್ಟಿದ್ದೆ. ರಾಮನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ, ಪ್ರಯೋಗಶಾಲೆಯ ಎಂತೆಂಥ ಕೆಟ್ಟ ವಾಸನೆಗಳನ್ನೋ ಉಸಿರಾಡಿದವನಿಗೆ ನಾಲ್ಕು ಬಿಳಿ ಗುಳಿಗೆಯಿಂದ ತಲೆನೋವು ಹೇಗೆ ಬರುತ್ತದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆನೋ ಇಲ್ಲವೋ.

ನಿಜ ಇಷ್ಟು. ಅಥವಾ ಈಚಿನವರೆಗೂ ನಾನು ನಿಜವೆಂದು ನಂಬಿದ್ದು ಇಷ್ಟು. ನಾನು ಇಟ್ಟ ನುಸಿಗುಳಿಗೆಯಿಂದ ನಮ್ಮ ಮನೆಯ ಒಂದು ಬೆಳೆ ರೇಷ್ಮೆಹುಳ ಪೂರ್ತಿ ಸತ್ತುಹೋಯಿತು. ಆ ನಷ್ಟದಲ್ಲಿ ನನ್ನ ಪರೀಕ್ಷೆಯ ಫೀಜಿಗೆ ದಾರಿಯಿಲ್ಲದೆ ಅವ್ವ ತನ್ನ ಧಾರೆಸೀರೆಯನ್ನು ಜರಿಯವನಿಗೆ ಮಾರಿದಳು. ನನ್ನ ಎಂ.ಎಸ್ಸಿ. ಪದವಿಯ ಹಿಂದೆ ಒಂದು ಸುಟ್ಟ ಸೀರೆ ಇದೆ. ಸುಟ್ಟ ಎಂದರೆ ಉತ್ಪ್ರೇಕ್ಷೆಯಲ್ಲ. ಜರಿಯವರು ಹಳೆಯ ರೇಷ್ಮೆ ಸೀರೆ ಕೊಳ್ಳುವುದು ಉಡುವುದಕ್ಕಲ್ಲ. ಸೆರಗು, ಅಂಚು ಕತ್ತರಿಸಿ, ಸುಟ್ಟು, ಬೂದಿಯಿಂದ ಬೆಳ್ಳಿ ತೆಗೆಯುವುದಕ್ಕೆ. ಹೆಂಗಸು ಜೀವಮಾನದಲ್ಲಿ ನಾಲ್ಕೈದು ಸಲ ಉಟ್ಟು, ಉಳಿದ ಕಾಲವೆಲ್ಲ ಮಡಚಿಟ್ಟು ಕಾಪಾಡಿದ ಸೀರೆ ಅವರ ತಕ್ಕಡಿಯಲ್ಲಿ ಒಂದು ಚಿಟಿಕೆ ಲೋಹ.

ನಮ್ಮೂರು ಕನಕಪುರ ತಾಲ್ಲೂಕು, ಸಾತನೂರಿಗೆ ಹತ್ತಿರ. ಹಿಪ್ಪುನೇರಳೆ ತೋಟ, ಎರಡು ಹಸು, ವರ್ಷಕ್ಕೆ ಐದಾರು ಬೆಳೆ ಹುಳ. ಹುಳ ಸಾಕುವ ಮನೆಯಲ್ಲಿ ವಾಸನೆಗಿಂತ ದೊಡ್ಡ ಅಪರಾಧವಿಲ್ಲ. ನಡುಮನೆಯಲ್ಲಿ ಹುಳದ ತಟ್ಟೆಗಳು ಸೂರಿನವರೆಗೆ ಏರಿದ್ದಾಗ ನಾವೇ ಬಾಡಿಗೆಗೆ ಬಂದವರ ಹಾಗೆ ಮೂಲೆಯಲ್ಲಿ ಮಲಗುತ್ತಿದ್ದೆವು. ಊದುಬತ್ತಿ ಹಚ್ಚುವಂತಿಲ್ಲ, ಒಣಮೆಣಸಿನಕಾಯಿ ಹುರಿಯುವಂತಿಲ್ಲ. ಅಪ್ಪ ಬೀಡಿ ಸೇದಬೇಕಾದರೆ ಬೇಲಿಯ ಆಚೆ. ಘಮಘಮ ಎನ್ನುವ ತಲೆಎಣ್ಣೆ ಹಚ್ಚಿಕೊಂಡು ಬಂದ ಸೋದರತ್ತೆಯೊಬ್ಬರು ಜಗಲಿಯ ಮೇಲೆಯೇ ಉಂಡು ಹಾಗೆಯೇ ಹಿಂತಿರುಗಿದ್ದುಂಟು. ಅವರಿಗೂ ಬೇಸರವಾಗಲಿಲ್ಲ, ಅವರ ಮನೆಯಲ್ಲೂ ಅದೇ ಕಾನೂನು.

ಹೀಗಾಗಿ ರೇಷ್ಮೆ ಬೆಳೆಯುವ ಮನೆಯಲ್ಲಿ ರೇಷ್ಮೆ ಸೀರೆಗೇ ರಕ್ಷಣೆಯಿರಲಿಲ್ಲ. ನುಸಿಗುಳಿಗೆ ಇಟ್ಟರೆ ಸೀರೆ ಉಳಿಯುತ್ತದೆ, ಹುಳ ಸಾಯುತ್ತದೆ. ಒಂದು ಬೆಳೆ ಇಳಿದು ಇನ್ನೊಂದು ಬೆಳೆ ಬರುವ ನಡುವಿನ ದಿನಗಳಲ್ಲಿ ಅವ್ವ ಟ್ರಂಕು ತೆರೆದು ತನಗಿದ್ದ ನಾಲ್ಕು ಒಳ್ಳೆಯ ಸೀರೆಗಳನ್ನು ನೆರಳುಬಿಸಿಲಿನಲ್ಲಿ ಹರಡಿ, ಮಡಿಕೆ ಬದಲಿಸಿ, ಮತ್ತೆ ಇಡುತ್ತಿದ್ದಳು. ಆಗೆಲ್ಲ ಒಂದು ಮಾತು ಬರುತ್ತಿತ್ತು. "ನಮ್ಮಪ್ಪ ಜೋಡಿ ಹೋರಿ ಮಾರಿ ತಂದ ಸೀರೆ ಕಣೇ ಇದು," ಎಂದು ಅಕ್ಕನಿಗೆ. ಹೊರಗಿನಿಂದ ಮಾತು ಕೇಳಿಸಿಕೊಳ್ಳುತ್ತಿದ್ದೆನೇ ಹೊರತು ಅದು ಯಾವ ಸೀರೆ ಎಂದು ನಾನು ಬಗ್ಗಿ ನೋಡಿದವನಲ್ಲ. ಅವ್ವನ ಅಪ್ಪ, ಅಂದರೆ ನನ್ನ ತಾತ, ಮಾಗಡಿ ಕಡೆಯ ತಿಪ್ಪಸಂದ್ರದವರು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅವರ ಬಗ್ಗೆ ನನಗೆ ಗೊತ್ತಿದ್ದ ಒಂದೇ ಸಂಗತಿ ಆ ಹೋರಿಗಳದು.

ನಾನು ಮೈಸೂರಿನಲ್ಲಿ ಓದುತ್ತಿದ್ದ ಎರಡನೆಯ ವರ್ಷ, ಒಂದು ರಜೆಗೆ ಊರಿಗೆ ಬರುವಾಗ ಒಂದು ಪೊಟ್ಟಣ ನುಸಿಗುಳಿಗೆ ತಂದೆ. ಅವ್ವನ ಸೀರೆಯ ಮಡಿಕೆಯಲ್ಲಿ ತೂತು ಬೀಳುತ್ತಿದೆಯೆಂದು ಅಕ್ಕ ಹಿಂದಿನ ಸಲ ಹೇಳಿದ್ದಳು. ಬೆಳೆ ಇಳಿದು, ಮನೆಗೆ ಸುಣ್ಣ ಬಳಿದು, ತಟ್ಟೆಗಳನ್ನು ಬಿಸಿಲಿಗೆ ಹಾಕಿದ್ದರು. ಹುಳ ಇರಲಿಲ್ಲ. ಯಾರಿಗೂ ಹೇಳದೆ ಟ್ರಂಕಿನ ತಳಕ್ಕೆ ಗುಳಿಗೆಗಳನ್ನು ಜೋಡಿಸಿ ಮೇಲೆ ಸೀರೆಗಳನ್ನು ಇಟ್ಟೆ. ಎಲ್ಲಕ್ಕಿಂತ ಕೆಳಗೆ ಇದ್ದದ್ದು ಕುಂಕುಮಗೆಂಪಿನ ಗಂಟು, ಅದರ ಅಂಚಿನಲ್ಲಿ ಅಗಲವಾದ ಜರಿ. ಅದೇ ಧಾರೆಸೀರೆ ಎಂದುಕೊಂಡೆ. ಅವ್ವನಿಗೆ ಹೇಳಿದರೆ ಬೈಯುತ್ತಾಳೆ, ತೂತು ಬೀಳುವುದು ನಿಂತ ಮೇಲೆ ಹೇಳಿದರೆ ಮೆಚ್ಚುತ್ತಾಳೆ ಎಂಬ ಲೆಕ್ಕ.

ಹಾಸ್ಟೆಲಿಗೆ ಹಿಂತಿರುಗಿ ಮೂರು ನಾಲ್ಕು ವಾರವಾದ ಮೇಲೆ ನೆನಪಾಯಿತು. ಅಷ್ಟರಲ್ಲಿ ಹೊಸ ಹುಳ ಬಂದಿರುತ್ತದೆ. ಟ್ರಂಕು ಇರುವ ಕೋಣೆಗೂ ನಡುಮನೆಗೂ ನಡುವೆ ಅರ್ಧ ಗೋಡೆ ಮಾತ್ರ. ಒಂದು ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಆ ವಯಸ್ಸಿನ ಜಂಬ ಅದು. ಹುಳ ಸಾಯುವುದು ಮೈಲಿಗೆಯಿಂದ, ದೃಷ್ಟಿಯಿಂದ ಎನ್ನುವ ಊರಿನವರನ್ನು ನಾನು ಎಷ್ಟು ಗೇಲಿ ಮಾಡಿದ್ದೆನೆಂದರೆ, ಗುಳಿಗೆಯ ವಾಸನೆಗೂ ಹೆದರಿದೆ ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಮುಂದಿನ ವಾರ ಬರೆಯೋಣ ಎಂದುಕೊಂಡೆ. ಮುಂದಿನ ವಾರ ಅಪ್ಪನ ಕಾರ್ಡು ಬಂತು. "ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಎಲ್ಲಾ ಹೋದವು. ತಿಪ್ಪೆಗೆ ಹಾಕಿದೆವು. ನೀನು ಓದಿನ ಕಡೆ ಗಮನ ಕೊಡು." ನಾಲ್ಕನೇ ಜ್ವರ ಎಂದರೆ ಹುಳ ಕೊನೆಯ ಸಲ ಪೊರೆ ಕಳಚುವುದು, ಆಮೇಲೆ ಗೂಡು ಕಟ್ಟಲು ವಾರವಷ್ಟೇ ಬಾಕಿ. ಹೇಗೆ ಹೋದವು ಎಂದು ಅಪ್ಪ ಬರೆದಿರಲಿಲ್ಲ. ನಾನು ಕೇಳಲೂ ಇಲ್ಲ.

ಅದಾದ ತಿಂಗಳಿಗೆ ಫೀಜಿಗೆಂದು ಊರಿಗೆ ಬಂದೆ. ಬಂದ ಮಾರನೆಯ ಬೆಳಿಗ್ಗೆ ಜರಿಯವನು ನಮ್ಮ ಜಗಲಿಯ ಮೇಲೆ ಕೂತಿದ್ದ. ನಾನು ಜಗಲಿಯ ಇನ್ನೊಂದು ತುದಿಯಲ್ಲಿ ಹಳೆಯ ಪತ್ರಿಕೆಯೊಂದನ್ನು ಮುಖಕ್ಕೆ ಹಿಡಿದು ಕೂತೆ. ಆ ಕಡೆ ನೋಡಲು ಧೈರ್ಯ ಇರಲಿಲ್ಲ. ಒರೆಗಲ್ಲಿನ ಮೇಲೆ ಉಜ್ಜುವ ಸದ್ದು ಕೇಳಿತು. ಅವನು ತಗ್ಗಿದ ದನಿಯಲ್ಲಿ ಏನೋ ಹೇಳಿದ, ಅವ್ವ ಇನ್ನೂ ತಗ್ಗಿದ ದನಿಯಲ್ಲಿ ಏನೋ ಕೇಳಿದಳು. ಆಮೇಲೆ ಕತ್ತರಿಯ ಕರಕರ. ಪತ್ರಿಕೆಯ ಅಂಚಿನಾಚೆ ಕಣ್ಣಿಗೆ ಬಿದ್ದದ್ದು ಒಂದು ತುಂಡು ಕೆಂಪು. ಸಂಜೆ ಬಸ್ಸಿಗೆ ಹೊರಡುವಾಗ ಅವ್ವ ನೋಟುಗಳನ್ನು ಮಡಿಸಿ ಕೈಯಲ್ಲಿಟ್ಟಳು. "ಓದು," ಎಂದಳು, ಅಷ್ಟೆ.

ಮುಂದಿನ ವರ್ಷ ಅಕ್ಕನ ಮದುವೆಯಲ್ಲಿ ಅವ್ವ ಬೇರೆ ಸೀರೆ ಉಟ್ಟಿದ್ದಳು. ಮಗಳ ಮದುವೆಗೆ ತಾಯಿ ಧಾರೆಸೀರೆ ಉಡುವುದು ನಮ್ಮ ಕಡೆ ರೂಢಿ. ಯಾರೋ ಕೇಳಿದರು. "ನುಸಿ ಹೊಡ್ದೋಯ್ತು ಕಣವ್ವ," ಎಂದು ಅವ್ವ ಅಂದದ್ದು ಚಪ್ಪರದ ಕಂಬದ ಹತ್ತಿರ ನಿಂತಿದ್ದ ನನ್ನ ಕಿವಿಗೆ ಬಿತ್ತು. ನುಸಿ ಬೀಳದಿರಲೆಂದು ಗುಳಿಗೆ ಇಟ್ಟವನು ನಾನು. ನನ್ನ ಫೀಜಿಗೆ ಮಾರಿದ್ದನ್ನು ಮುಚ್ಚಲು ಅವಳು ಆ ಸುಳ್ಳು ಹೇಳುತ್ತಿದ್ದಾಳೆಂದು ಅನ್ನಿಸಿತು.

ಇದನ್ನೆಲ್ಲ ನಲವತ್ತು ವರ್ಷ ಹೊತ್ತುಕೊಂಡೇ ಇದ್ದೆ. ಸಂಬಳ ಬರತೊಡಗಿದ ಮೇಲೆ ಪ್ರತಿ ಯುಗಾದಿಗೂ ಅವ್ವನಿಗೆ ರೇಷ್ಮೆ ಸೀರೆ ತಂದೆ. ಅವಳ ಬೀರು ತುಂಬಿತು. "ಇಷ್ಟೊಂದ್ ಯಾಕ್ಲಾ? ನಾನೇನ್ ದಿಬ್ಬಣಕ್ಕೋಗ್ಬೇಕಾ?" ಎಂದು ಅವಳು ಅಂದಾಗಲೆಲ್ಲ ಇನ್ನೊಂದು ತರಬೇಕು ಅನ್ನಿಸುತ್ತಿತ್ತು. ನನಗೆ ಮಾತ್ರ ಬಟ್ಟೆ ಕೊಳ್ಳಲು ಆಗುತ್ತಿರಲಿಲ್ಲ. ಅಂಗಡಿಯ ಕೌಂಟರಿನಲ್ಲಿ ನಿಂತಾಗ ಕತ್ತರಿಯ ಸದ್ದು ಕೇಳಿದಂತಾಗುತ್ತಿತ್ತು. ಕೊರಳಪಟ್ಟಿ ಸವೆದ ಷರ್ಟಿನಲ್ಲಿ ತರಗತಿಗೆ ಹೋಗುತ್ತಿದ್ದವನನ್ನು ವಿದ್ಯಾರ್ಥಿಗಳು ಗಾಂಧಿವಾದಿ ಎಂದುಕೊಂಡಿದ್ದರು.

ಅಪ್ಪ ತೀರಿಕೊಂಡ ಮೇಲೆ ಅವ್ವ ಚನ್ನಪಟ್ಟಣದಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಬೀರುವೂ ಅವಳ ಜೊತೆಗೇ ಅಲ್ಲಿಗೆ ಹೋಗಿದೆ. ಈಚೆಗೆ ಒಂದು ಭಾನುವಾರ ಅಕ್ಕ ಫೋನು ಮಾಡಿದಳು.

"ಬಿರ್ನೆ ಬಾ. ಅವ್ವ ಬೀರು ಖಾಲಿ ಮಾಡ್ತೀನಿ ಅಂತ ಕುಂತವ್ಳೆ. ಜರಿಯವ್ನು ಬಂದವ್ನೆ. ಬೆಳ್ಳಿ ರೇಟು ಏರೈತೆ ಅಂತ ಯಾರೋ ಕಿವಿಗಾಕವ್ರೆ."

"ಮಾರ್ಲಿ ಬುಡು, ಅವ್ಳ ಸೀರೆ."

"ನೀನ್ ತಂದ್ಕೊಟ್ಟವೇ ಕಣ್ಲಾ ಎಲ್ಲಾ. ನಾಳೆ ನನ್ನ ಕೇಳ್ಬೇಡ."

ಹೋಗದೆ ಉಳಿಯಲು ಒಂದು ನೆಪ ಹುಡುಕಿದೆ, ಸಿಗಲಿಲ್ಲ. ರಾಮನಗರದಿಂದ ಚನ್ನಪಟ್ಟಣ ಎಷ್ಟು ದೂರ? ಬಸ್ಸು ಹತ್ತಿ ಕೂತೆ. ಬೀರು ತೆರೆದರೆ ಇಲ್ಲದ ಸೀರೆಯ ಮಾತು ಬರುತ್ತದೆ, ಈ ಸಲ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡೆ. ಅವ್ವನಿಗೆ ಎಂಬತ್ತೆರಡು. ಇನ್ನೊಂದು ಅವಕಾಶ ಇರುತ್ತದೆಂದು ನಂಬಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

ಹಜಾರದಲ್ಲಿ ಅವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಅಕ್ಕ ಬೀರುವಿನಿಂದ ಒಂದೊಂದೇ ಸೀರೆ ತೆಗೆದು ಕೊಡುತ್ತಿದ್ದಳು. ನೆಲದ ಮೇಲೆ ಕೂತ ಜರಿಯವನು ನಡುವಯಸ್ಸಿನ, ಮಾತುಗಾರ ಮನುಷ್ಯ.

"ಬಂದ್ಯಾ? ಕುಂತ್ಕೊ," ಎಂದಳು ಅವ್ವ. "ನೀನ್ ತಂದಿದ್ರಲ್ಲಿ ಎಲ್ಡು ಮಾತ್ರ ಅಸಲಿ ಅಂತೆ. ಮಿಕ್ಕಿದ್ದೆಲ್ಲಾ ಪಳಪಳ ಅಷ್ಟೇಯ. ಕಾಲೇಜ್ ಮೇಷ್ಟ್ರಂತೆ, ಮೇಷ್ಟ್ರು!"

"ಈಗಿನ್ ಕಾಲ್ದಲ್ಲಿ ಎಲ್ಲಾ ಹಂಗೇ ಅಮ್ಮ," ಎಂದ ಜರಿಯವನು, ನನ್ನ ಪರವಾಗಿ.

ಎರಡು ಸೀರೆ ಕೊಂಡು ಅವನು ಚೀಲ ಕಟ್ಟುವಷ್ಟರಲ್ಲಿ ಅಕ್ಕ ಕೆಳಗಿನ ಖಾನೆಯಿಂದ ಬಿಳಿ ಪಂಚೆಯಲ್ಲಿ ಕಟ್ಟಿದ ಗಂಟೊಂದನ್ನು ಎಳೆದಳು. "ಅದ್ ಬ್ಯಾಡ, ಮಡುಗು ಒಳೀಕೆ," ಎಂದು ಅವ್ವ ಅನ್ನುವ ಮೊದಲೇ ಗಂಟು ಬಿಚ್ಚಿತ್ತು. ಒಳಗೆ ಬದನೆಕಾಯಿ ಬಣ್ಣದ ರೇಷ್ಮೆ ಸೀರೆ, ಅಂಗೈಯಗಲದ ಅಂಚು.

"ಅಯ್ಯೋ! ನಿನ್ ಧಾರೆಸೀರೆ ಅಲ್ವೇನವ್ವ ಇದು?" ಎಂದಳು ಅಕ್ಕ. "ನುಸಿ ಹೊಡ್ದೋಯ್ತು ಅಂದಿದ್ದೆ ನನ್ ಮದ್ವೇಲಿ!"

ಜರಿಯವನು ಚೀಲ ಕೆಳಗಿಟ್ಟು ಕೈ ಚಾಚಿದ. "ಕೊಡಿ ಅಮ್ಮ, ಒರೆಗೆ ಹಚ್ಚಿ ನೋಡಾನ. ಹಳೇ ಮಾಲು, ಒಳ್ಳೆ ರೇಟ್ ಬತ್ತೈತೆ."

"ನೀನ್ಯಾಕೆ ನೋಡ್ಬೇಕು? ನೋಡಾಗೈತೆ. ನೀನ್ ಎದ್ದೋಗಪ್ಪ, ನಿಂಗೆ ಬೇರೆ ಬೀದಿ ಇಲ್ವಾ?" ಎಂದು ಅವ್ವ ಗದರಿಸಿದ ರೀತಿಗೆ ಅವನು ನಗುತ್ತಲೇ ಸ್ಕೂಟರು ಹತ್ತಿದ.

ಜೋಡಿಸಿಟ್ಟುಕೊಂಡ ವಾಕ್ಯಗಳಿಗೆ ಈಗ ಅರ್ಥವಿರಲಿಲ್ಲ. ಕೊನೆಗೆ ಕೇಳಿದ್ದು ಇದು: "ನಿನ್ ಧಾರೆಸೀರೆ ಕೆಂಪಲ್ವಾ ಅವ್ವ?"

"ಕೆಂಪ್ಯಾವ್ದ್ಲಾ? ಕೆಂಪಿದ್ದದ್ದು ನಿಮ್ಮಜ್ಜೀದು, ನಮ್ಮತ್ತೇದು. ಹರ್ದು ಚಿಂದಿಯಾಗಿತ್ತು, ಅದ್ರಲ್ಲಿ ಇದ್ನ ಸುತ್ತಿಟ್ಟಿದ್ದೆ."

"ಇದ್ನ ಮಾರ್ಲಿಲ್ವಾ ನೀನು? ನನ್ ಫೀಜಿಗೆ? ಜಗಲಿ ಮ್ಯಾಲೆ?"

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀನಲ್ಲೇ ಕುಂತಿದ್ದಲ್ಲ, ಎಲ್ಲಾ ಕೇಳಿಸ್ಕಂಡಿದ್ದೀಯ ಅನ್ಕಂಡಿದ್ದೆ ನಾನು! ಮಾರಾಕೇ ತೆಗ್ದಿದ್ದೆ ಕಣಪ್ಪ. ಅವ್ನು ಕಲ್ಲಿಗೆ ಉಜ್ಜಿ, 'ಅವ್ವಾ, ಇದು ತಾಮ್ರ, ಗಿಲೀಟು, ಬೆಳ್ಳಿ ಒಸೀನೂ ಇಲ್ಲ' ಅಂದ್ಬುಟ್ಟ. ನಂಗೆ ಭೂಮಿ ಬಾಯ್ಬುಟ್ಟಂಗಾಯ್ತು. ನಮ್ಮಪ್ಪ ಜೋಡಿ ಹೋರಿ ಮಾರಿ ತಂದಿದ್ದು! ಅಂಗಡಿಯವ್ನು ಮೋಸ ಮಾಡವ್ನೆ, ಪಾಪ, ಅಪ್ಪಂಗೇನ್ ಗೊತ್ತು?"

"ಮತ್ತೆ ದುಡ್ಡು?" ಎಂದಳು ಅಕ್ಕ.

"ಅದೇ ತಮಾಸೆ. ಎದ್ದೋಗಾಕೆ ಛತ್ರಿ ತಗೊಂಡವ್ನು, ಸುತ್ತಿದ್ದ ಚಿಂದಿ ಮ್ಯಾಲೆ ಕಣ್ಣಾಕ್ದ. 'ಅದ್ ಕೊಡವ್ವ ನೋಡಾನ' ಅಂದ. ಉಜ್ಜಿ ನೋಡುದ್ರೆ ಅದು ಅಪ್ಪಟ! ಅದ್ರ ಅಂಚು ಕತ್ತರಿಸ್ಕಂಡು ದುಡ್ ಕೊಟ್ಟ. ನಿಮ್ಮಜ್ಜಿ ಬದ್ಕಿರಗಂಟ 'ನಿಮ್ಮಪ್ಪ ಏನ್ ತಂದಾಕವ್ನೆ' ಅಂತ ಆಡ್ಕತಿದ್ಲು. ಸತ್ ಮ್ಯಾಲೂ ಅವ್ಳದೇ ಗೆದ್ದೋಯ್ತು ನೋಡು."

ನಲವತ್ತು ವರ್ಷ ನಾನು ಒಂದು ಕೆಂಪು ಧಾರೆಸೀರೆಗಾಗಿ ಕೊರಗಿದ್ದೆ. ಅಂಥ ಸೀರೆ ಇರಲೇ ಇಲ್ಲ. ಕಂಡದ್ದು ಕೆಂಪು, ಕೇಳಿದ್ದು ಕತ್ತರಿ, ಕೈಗೆ ಬಂದದ್ದು ನೋಟು. ಉಳಿದದ್ದನ್ನೆಲ್ಲ ನಾನೇ ನೇಯ್ದಿದ್ದೆ.

"ಯಾರಿಗೂ ಯಾಕ್ ಯೋಳ್ಲಿಲ್ಲ?" ಎಂದೆ.

"ಯೋಳುದ್ರೆ ನಿಮ್ಮಪ್ಪನ ಮನೆಯೋರ ಬಾಯಲ್ಲಿ ನಮ್ಮಪ್ಪ ಏನಾಗ್ತಿದ್ದ? ಅದ್ಕೇ ನುಸಿ ಹೊಡೀತು ಅಂದೆ. ನೀನೂ ಬಾಯ್ಬುಡ್ಲಿಲ್ಲ. ತಾತನ ಮರ್ವಾದೆ ಉಳ್ಸುದ್ನಲ್ಲ ನನ್ ಮಗ ಅಂತ ಒಳಗೊಳಗೇ ಎಷ್ಟ್ ಸಂತೋಸ ಪಟ್ಟಿದ್ದೀನಿ ಗೊತ್ತಾ?"

ನನ್ನ ಹೇಡಿತನಕ್ಕೆ ಇಷ್ಟು ವರ್ಷ ಇಂಥ ಒಳ್ಳೆಯ ಹೆಸರು ಬಂದಿತ್ತು. ಆಗಲೇ ಹೇಳಿಬಿಟ್ಟೆ. ನುಸಿಗುಳಿಗೆ, ಬರೆಯದ ಕಾರ್ಡು, ಸತ್ತ ಹುಳ, ಎಲ್ಲ.

ಅವ್ವ ಕುರ್ಚಿ ಅಲುಗಾಡುವ ಹಾಗೆ ನಗತೊಡಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ಲೇ, ಹುಳದ್ ಮನೆ ಹೆಂಗ್ಸಿಗೆ ಆ ವಾಸ್ನೆ ತಿಳಿಯಾಕಿಲ್ವೇನ್ಲಾ? ನೀನು ಬಸ್ ಹತ್ತಿದ್ ಸಂಜೇನೇ ಟ್ರಂಕ್ ಸಮೇತ ಕೊಟ್ಟಿಗೆಗೆ ಹೊರ್ಸಿ ಗುಳಿಗೆ ತಿಪ್ಪೆಗೆಸೆದೆ. ಸೀರೆನೆಲ್ಲಾ ಮೂರ್ ದಿನ ಗಾಳಿಗಾಕಿದ್ದೆ. ಹುಳ ಬಂದಿದ್ದು ಆಮ್ಯಾಲೆ ವಾರಕ್ಕೆ."

ಸಮಾಧಾನ ಉಕ್ಕಿ ಬಂತು, ಅದರ ಹಿಂದೆಯೇ ಅನುಮಾನವೂ ಬಂತು. ನನ್ನ ಸ್ವಭಾವವೇ ಹಾಗೆ. ಮಗ ಅರವತ್ತು ದಾಟಿದರೂ ತಾಯಿ ಅವನನ್ನು ಸಂತೈಸಲು ಕತೆ ಕಟ್ಟಬಲ್ಲಳು. ಇಷ್ಟು ಹೊತ್ತಿಗೆ ನನ್ನ ನೆನಪೇ ಸುಳ್ಳೆಂದು ಸಾಬೀತಾಗಿರುವಾಗ ಅವಳದು ನಿಜವೆಂದು ಹೇಗೆ ನಂಬುವುದು? ಅಕ್ಕ ಕಾಫಿ ಮಾಡಲು ಒಳಗೆ ಹೋದಾಗ ಹಿಂದೆಯೇ ಹೋದೆ. ನಲವತ್ತು ವರ್ಷದ ಹಿಂದೆ ಕೇಳಬೇಕಿದ್ದ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಕೇಳಿದೆ. ಆ ಸಲ ಹುಳ ಹೇಗೆ ಸತ್ತಿದ್ದವು?

"ಹೆಂಗೆ ಅಂದ್ರೆ? ಸುಣ್ಣಕಟ್ಟು ಬಂದಿತ್ತಲ್ಲ," ಎಂದಳು ಅಕ್ಕ, ಹಾಲು ಉಕ್ಕದಂತೆ ನೋಡುತ್ತ. "ಒಂದೊಂದೂ ಬೆಳ್ಳಗೆ, ಗಟ್ಟಿ, ಸೀಮೆಸುಣ್ಣ ಇದ್ದಂಗೆ. ಆಯ್ದು ಆಯ್ದು ನನ್ ಬೆನ್ನು ಬಿದ್ದೋಗಿತ್ತು. ಅರ್ಧ ಊರಿಗೇ ಬಂದಿತ್ತು ಕಣ್ಲಾ, ಆ ಥಂಡೀಲಿ. ನಿಂಗ್ಯಾರೂ ಯೋಳ್ಲಿಲ್ವಾ?"

ಸುಣ್ಣಕಟ್ಟು ರೋಗ ಎಂದರೆ ಬೂಷ್ಟು. ಚಳಿ, ತೇವ ಹೆಚ್ಚಾದಾಗ ಹುಳದ ಮೈಮೇಲೆ ಬೆಳೆದು ಅದನ್ನು ಕಲ್ಲಾಗಿಸುತ್ತದೆ. ನುಸಿಗುಳಿಗೆಯಿಂದ ಸತ್ತ ಹುಳ ಎಂದೂ ಬೆಳ್ಳಗೆ ಗಟ್ಟಿಯಾಗುವುದಿಲ್ಲ. ಇಷ್ಟು ತಿಳಿಯಲು ಎಂ.ಎಸ್ಸಿ. ಬೇಕಿರಲಿಲ್ಲ, ಒಂದು ಪ್ರಶ್ನೆ ಸಾಕಿತ್ತು. ದೃಷ್ಟಿ ತಾಗಿತು ಎನ್ನುವ ನೆರೆಯವರು ಕಡೇಪಕ್ಷ ಸತ್ತ ಹುಳವನ್ನು ಕೈಯಲ್ಲಿ ಹಿಡಿದು ನೋಡಿದ್ದರು. ನಾನು ಹಾಸ್ಟೆಲಿನ ಮಂಚದ ಮೇಲೆ ಕೂತು ತೀರ್ಪು ಬರೆದಿದ್ದೆ.

ಹಜಾರಕ್ಕೆ ಬಂದು ಸೀರೆಯ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ತುದಿಯಲ್ಲಿ, ಮಡಿಕೆಯ ಒಳಗೆ, ಉಗುರಿನಷ್ಟು ಜಾಗದಲ್ಲಿ ಹೊಳಪು ಕೆರೆದುಹೋಗಿತ್ತು. ಅಲ್ಲಿ ಕಂದುಗೆಂಪು, ಸುತ್ತ ಸಣ್ಣ ಹಸಿರು ಕಲೆ. ತಾಮ್ರ. ಇದಕ್ಕೆ ಯಾರ ನೆನಪಿನ ಸಾಕ್ಷಿಯೂ ಬೇಕಿರಲಿಲ್ಲ. ಅವ್ವ ನೋಡುತ್ತಿದ್ದಾಳೆಂಬ ಸಂಕೋಚವೂ ಇಲ್ಲದೆ ನೆಲದ ಮೇಲೆಯೇ ಕೂತುಬಿಟ್ಟೆ. ಬೆಳ್ಳಿ ಇದ್ದಿದ್ದರೆ ಈ ಸೀರೆ ಆ ದಿನವೇ ಬೂದಿಯಾಗಿರುತ್ತಿತ್ತು. ಬೆಲೆಯಿಲ್ಲದ್ದರಿಂದ ಉಳಿಯಿತು. ತಾತನಿಗೆ ಮೋಸ ಮಾಡಿದ ಆ ಅಂಗಡಿಯವನಿಗೆ ನಾನು ಋಣಿ ಎನ್ನುವುದನ್ನು ಅವ್ವನ ಮುಂದೆ ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ಪಕ್ಕದ ಬೀದಿಯಲ್ಲಿ ಆ ದಿನ ಯಾರದೋ ಮಗುವಿನ ನಾಮಕರಣ. ಊಟಕ್ಕೆ ಕರೆದಿದ್ದರು. ಹೊರಡುವ ಹೊತ್ತಾಯಿತೆಂದು ಅಕ್ಕ ಒಂದು ಹತ್ತಿ ಸೀರೆ ತಂದಳು. ಅವ್ವ ಅದನ್ನು ಸರಿಸಿದಳು.

"ಅದ್ನ ಕೊಡಿಲ್ಲಿ."

"ಯಾವ್ದು? ಧಾರೆಸೀರೇನಾ? ಅವ್ವಾ, ಯಾರಾರ ಅಂಚು ಹಿಡ್ದು ನೋಡಿ ಕೇಳುದ್ರೆ?"

"ತಾಮ್ರ ಅಂತೀನಿ. ಇನ್ಯಾರವ್ರೆ ನಮ್ಮಪ್ಪನ್ನ ಆಡ್ಕಳಾಕೆ? ನಮ್ಮಪ್ಪ ಮೋಸ ಹೋದ, ಮೋಸ ಮಾಡ್ಲಿಲ್ಲ."

ಅಕ್ಕ ಉಡಿಸಿದಳು. ಹದಿನೇಳರ ಹುಡುಗಿಗೆ ತಂದ ಸೀರೆ, ಈಗ ಕುಗ್ಗಿದ ಮೈಗೆ ನೆರಿಗೆ ಎರಡು ಹೆಚ್ಚೇ ಬಂದವು. "ಹೆಂಗೈತ್ಲಾ?" ಎಂದು ಅವ್ವ ನನ್ನ ಕಡೆ ತಿರುಗಿದಳು. "ಚೆಂದಾಗೈತೆ ಕಣವ್ವ," ಎಂದೆ. "ನೀನೂ ಒಂದು ನೆಟ್ಟಗಿರೋ ಷರ್ಟು ಹೊಲಿಸ್ಕಳಪ್ಪ, ನನ್ ಪಕ್ಕ ನಿಂತ್ರೆ ತಿರುಪೆಯವ್ನ್ ಹಂಗ್ ಕಾಣ್ತೀಯ," ಎಂದಳು.

ಬೀದಿಯಲ್ಲಿ ಅವಳು ನಮ್ಮಿಬ್ಬರ ನಡುವೆ ನಿಧಾನವಾಗಿ ನಡೆದಳು. ನೆರಿಗೆ ಕಾಲಿಗೆ ತೊಡರದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈ ನನ್ನ ತೋಳಿನ ಮೇಲೆ. ಚಪ್ಪರದ ಬಾಗಿಲಲ್ಲಿ ಹೆಂಗಸೊಬ್ಬಳು, "ಅಜ್ಜಿ, ಎಂಥಾ ಬಣ್ಣ! ಯಾವ್ ಅಂಗ್ಡೀಲಿ ತಗೊಂಡ್ರಿ?" ಎಂದು ಕೇಳಿದಳು.

"ನಮ್ಮಪ್ಪ ತಂದಿದ್ದು," ಎಂದಳು ಅವ್ವ.

ಪಂಕ್ತಿಯಲ್ಲಿ ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ. ಮೂರನೆಯ ಸಲವೂ ಬಡಿಸುವವನನ್ನು ಕರೆದಾಗ ಅಕ್ಕ ನನ್ನ ತಲೆಗೆ ಮೊಟಕಿದಳು.